ಬೇರೆಯವರ ನೀರು

ಭೀಮಸಮುದ್ರದಲ್ಲಿ ಹುಟ್ಟಿದವನು ನಾನು.
ಐದನೇ ತರಗತಿವರೆಗೂ ಸಮುದ್ರವೆಂದರೆ
ಏರಿ ಹತ್ತಿದರೆ ಕಾಣುವುದು,
ಎಮ್ಮೆಯ ಮೈ ತೊಳೆಯುವುದು,
ನಮ್ಮಪ್ಪ ಬೀಗ ಹಾಕಿ ಮನೆಗೆ ಬರುವುದು.

ಅಪ್ಪ, ಪಾಲಯ್ಯ, ನೀರುಗಂಟಿ.
ತೂಬು ಎಷ್ಟು ಗೇಣು ಎತ್ತಿದರೆ
ಯಾವ ಗದ್ದೆಗೆ ಎಷ್ಟು ಹೊತ್ತಿಗೆ ತೇವ ಮುಟ್ಟುತ್ತದೆಂದು
ಅಂಗಾಲಿನಲ್ಲೇ ಬಲ್ಲವನು.

ತಿಪ್ಪೇರುದ್ರಪ್ಪ ಮೇಷ್ಟ್ರು ಬೋರ್ಡಿನ ಮೇಲೆ ಬರೆದರು:
ಸುತ್ತ ನೆಲ, ನಡುವೆ ನೀರಿದ್ದರೆ ಸರೋವರ.
ಒಂದು ಬದಿ ಬಾಯಿ ತೆರೆದು ದೊಡ್ಡ ನೀರಿಗೆ ಕೂಡಿದ್ದರೆ ಸಮುದ್ರ.
ಆ ದೊಡ್ಡ ನೀರೇ ಮಹಾಸಾಗರ; ಅದರ ಸುತ್ತ ಏನೂ ಇಲ್ಲ,
ನೆಲವೇ ಅದರ ನಡುವೆ ಇದೆ.

ಕೈ ಎತ್ತಿದೆ: "ಹಂಗಾದ್ರೆ ನಮ್ಮೂರು, ಸಾ?"
ಮೇಷ್ಟ್ರು ಸೀಮೆಸುಣ್ಣದ ಕೈ ಒರೆಸಿಕೊಂಡರು.
"ನಮ್ಮೂರು ಸುಳ್ಳು ಕಣೋ.
ಚನ್ನಗಿರಿ ಕಡೆ ಶಾಂತಿಸಾಗರ, ಅದೂ ಸುಳ್ಳು.
ಹಿರಿಯೂರಿನ ವಾಣಿವಿಲಾಸ ಸಾಗರ, ಅದಂತೂ ದೊಡ್ಡ ಸುಳ್ಳು.
ಕಡಲು ಕಾಣದ ಸೀಮೆಯವರು
ಕೆರೆಗೆ ಕಡಲಿನ ಹೆಸರಿಟ್ಟು ಕರೆದರು,
ಬಡವರು ಮಗನಿಗೆ ರಾಜ ಅಂತ ಹೆಸರಿಡೋ ಹಾಗೆ."

ಆಮೇಲೆ ಲಾರಿ ಹತ್ತಿದೆ. ಉಪ್ಪಿನ ಲೋಡು.
ಸಾಣಿಕಟ್ಟಾದ ಆಗರದಿಂದ ದುರ್ಗದ ಮಂಡಿಗೆ.
ಮೊದಲ ಸಲ ಕಡಲ ಮುಂದೆ ನಿಂತಾಗ, ಸತ್ಯ ಹೇಳುತ್ತೇನೆ,
ಕಣ್ಣು ಅಲೆ ನೋಡಲಿಲ್ಲ, ಕೋಡಿ ಹುಡುಕಿತು.
ತೂಬೆಲ್ಲಿ? ಅಳತೆಯ ಕಲ್ಲೆಲ್ಲಿ?
ಇದಕ್ಕೆ ನೀರುಗಂಟಿ ಯಾರು?
ಮುಂಗಾರಿನ ಮೊದಲ ಮಳೆ ಹುಯ್ಯುತ್ತಿತ್ತು,
ಹುಯ್ದ ಗುರುತೇ ಉಳಿಯಲಿಲ್ಲ.
ನಮ್ಮ ಕೆರೆಗೆ ಒಂದು ಗೇಣು ಬಂದರೆ
ಊರೆಲ್ಲ ಸಂಜೆವರೆಗೂ ಅದೇ ಮಾತು.
ಇಲ್ಲಿ ಯಾರೂ ಯಾರನ್ನೂ
"ಎಷ್ಟು ಬಂತು" ಎಂದು ಕೇಳಲಿಲ್ಲ.

ಸೋಡಾ ಬಾಟಲಿ ತೊಳೆದು ತುಂಬಿಸಿದೆ, ಅಪ್ಪನಿಗೆಂದು.
ಸೀಟಿನ ಕೆಳಗೆ ಕೂತು ಅದು ಘಟ್ಟ ಹತ್ತಿತು,
ಶಿರಸಿ, ಹಾವೇರಿ ದಾಟಿತು,
ದಾವಣಗೆರೆ ಬೈಪಾಸಿನಲ್ಲಿ ನನ್ನ ಊಟಕ್ಕೆ ಕಾಯಿತು.
ಹೀಗೆ ಸಮುದ್ರ ಭೀಮಸಮುದ್ರಕ್ಕೆ ಬಂತು.

ಈ ಕಡೆ ಮಳೆಯಿನ್ನೂ ಇರಲಿಲ್ಲ.
ಅಪ್ಪ ಏರಿಯ ಮೇಲೆ ಕೂತಿದ್ದ. ಮುಚ್ಚಳ ತೆಗೆದ, ಮೂಸಿದ,
ಕಿರುಬೆರಳು ಅದ್ದಿ ನಾಲಿಗೆಗಿಟ್ಟು ಮುಖ ಹಿಂಡಿದ.
"ಇದರ ಕೋಡಿ ಯಾವ ದಿಕ್ಕಿಗೈತೆ?"
"ಕೋಡಿ ಇಲ್ಲಪ್ಪ."
"ಅದಕ್ಕೇ ಹಿಂಗಾಗೈತೆ," ಅಂದ,
ಕಾಯಿಲೆಯವರನ್ನು ನೋಡಿಬಂದವನ ಹಾಗೆ.

ಸ್ವಲ್ಪ ಹೊತ್ತು ಬಿಟ್ಟು,
"ಯಾವ ಕಡೆಯಿಂದ ತಂದೆ?"
"ಪಡುವಲಿಂದ."
"ತಪ್ಪು ಮಾಡಿದೆ ಕಣ್ಲಾ. ನಮ್ಮ ಕೋಡಿ ಬಿದ್ರೆ
ಹಳ್ಳ ಹಿಡಿದು, ಹೊಳೆ ಹಿಡಿದು ಹೋಗೋದು ಮೂಡಲಿಗೆ.
ನಮ್ಮ ನೀರು ಅಲ್ಲೈತೆ.
ಇದು ಬೇರೆಯವರ ನೀರು."

ಎಲ್ಲ ಒಂದೇ, ಕೆಳಗೆಲ್ಲೋ ಕೂಡಿಕೊಂಡಿದೆ ಎಂದೆ,
ಮೇಷ್ಟ್ರ ಬೋರ್ಡು ನೆನೆದು.
ಬದು ಒತ್ತಿದವನ ಮಾತು ಕೇಳುವವನ ಹಾಗೆ ಕೇಳಿದ.
ಬಾಟಲಿಯನ್ನು ಕೆರೆಗೆ ಬಗ್ಗಿಸಹೋದೆ; ಕೈ ಹಿಡಿದ.
"ಒಂದು ಬಾಟ್ಲಿಗೆ ಏನಾಗ್ತದಪ್ಪ?"
"ಏನೂ ಆಗಲ್ಲ. ಆದ್ರೂ ಕೇಳದೆ ಹಾಕಬಾರದು."
ಯಾರನ್ನು ಕೇಳಬೇಕೆಂದು ಹೇಳಲಿಲ್ಲ.

ಏರಿಯ ಕಲ್ಲೊಂದರ ಕುಳಿಯಲ್ಲಿ ಹೊಯ್ದೆವು.
ಮೊರದಗಲ. ಸುತ್ತ ನೆಲ, ನಡುವೆ ನೀರು:
ಮೇಷ್ಟ್ರ ಲೆಕ್ಕದಲ್ಲಿ ಅದು ಸರೋವರ.

ಮೂರನೇ ದಿನ ಬೆಳಿಗ್ಗೆ ಕಲ್ಲು ಬೆಳ್ಳಗಿತ್ತು.
ಬೋರಮ್ಮನ ಆಡು ಬಂದು
ಮುಂಗಾಲು ಮಡಚಿ, ಕಣ್ಣು ಮುಚ್ಚಿ,
ಒಂದು ಸಮುದ್ರವನ್ನು ಪೂರ್ತಿ ನೆಕ್ಕಿತು.
ಆಮೇಲೆ ಬಾಯಾರಿ
ಕೆರೆಗಿಳಿಯಿತು.